ಓಪಿಯಾಯ್ಡ್ ದುರ್ಬಳಕೆ ತಡೆ: ಆರೋಗ್ಯ ಸಿಬ್ಬಂದಿಗೆ ಜಂಟಿ ತರಬೇತಿ

ಮಾರ್ಫಿನ್, ಟ್ರಮಡಾಲ್ ಮುಂತಾದ ಓಪಿಯಾಯ್ಡ್ ವರ್ಗದ ನೋವು ನಿವಾರಕಗಳು ವೈದ್ಯರ ಸಲಹೆಯಂತೆ ಬಳಸಿದಲ್ಲಿ ಉಪಯುಕ್ತವಾಗಿದ್ದು, ದುರ್ಬಳಕೆಯಾದಲ್ಲಿ ವ್ಯಸನಕ್ಕೂ ಪ್ರಾಣಾಪಾಯಕ್ಕೂ ಕಾರಣವಾಗುತ್ತವೆ. ಟ್ರಮಡಾಲ್ ಔಷಧವನ್ನು 2018ರಲ್ಲಿ ಎನ್‌ಡಿಪಿಎಸ್ ಕಾಯ್ದೆ, 1985ರ ವ್ಯಾಪ್ತಿಗೆ ತರಲಾಗಿದೆ.

ತರಬೇತಿಯ ಉದ್ದೇಶ: ಔಷಧ ಬರೆಯುವ ವೈದ್ಯರು, ವಿತರಿಸುವ ಔಷಧ ತಜ್ಞರು, ಶುಶ್ರೂಷಕರು ಹಾಗೂ ಆಪ್ತಸಮಾಲೋಚಕರು ಪರಸ್ಪರ ಮಾಹಿತಿ ಹಂಚಿಕೊಂಡಲ್ಲಿ ಮಾತ್ರ ವ್ಯಸನವನ್ನು ಆರಂಭದಲ್ಲಿಯೇ ಗುರುತಿಸಬಹುದಾಗಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ವಿಡಿಯೋ ಸಂಪರ್ಕದ ಮೂಲಕ ವೈದ್ಯರು ಹಾಗೂ ಇತರ ಆರೋಗ್ಯ ಸಿಬ್ಬಂದಿಗೆ ವ್ಯಸನ ಚಿಕಿತ್ಸೆಯ ತರಬೇತಿ ನೀಡುತ್ತಿದ್ದು, ಭಾಗವಹಿಸುವವರು ತಾವು ಕಂಡ ಪ್ರಕರಣಗಳನ್ನು ಮಂಡಿಸಿ ತಜ್ಞರೊಡನೆ ಚರ್ಚಿಸುತ್ತಾರೆ.

ಕುಟುಂಬದವರ ಗಮನಕ್ಕೆ: ಸೇವನೆಯನ್ನು ಕೆಲಕಾಲ ನಿಲ್ಲಿಸಿದವರಲ್ಲಿ ದೇಹದ ಸಹಿಷ್ಣುತೆ ಕುಗ್ಗಿರುತ್ತದೆ. ಅಂಥವರು ಹಿಂದಿನ ಪ್ರಮಾಣವನ್ನೇ ಮತ್ತೆ ಸೇವಿಸಿದಲ್ಲಿ ಉಸಿರಾಟ ನಿಲ್ಲುವ ಸಂಭವವಿದೆ. ಆದುದರಿಂದ ಚಿಕಿತ್ಸೆಯನ್ನು ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಪಡೆಯತಕ್ಕದ್ದು.

ಸೇವೆ ಪಡೆಯುವ ವಿಧಾನ: ಕೊರವಂಗಲ ಸೇರಿದಂತೆ ಹಾಸನ ಜಿಲ್ಲೆಯ ನಾಗರಿಕರು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನಾಗಲಿ, ತಾಲ್ಲೂಕು ಆಸ್ಪತ್ರೆಯನ್ನಾಗಲಿ, ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಮನೋವೈದ್ಯಕೀಯ ವಿಭಾಗವನ್ನಾಗಲಿ ಸಂಪರ್ಕಿಸಬಹುದು. ಉಚಿತ ದೂರವಾಣಿ: ವ್ಯಸನಮುಕ್ತಿ ಸಹಾಯವಾಣಿ 14446, ಟೆಲಿ ಮನಸ್ 14416.

ಕಾನೂನಿನ ರಕ್ಷಣೆ: ಮಾದಕ ವಸ್ತು ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ, ಸರ್ಕಾರದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆಯುವ ವ್ಯಸನಿಗಳಿಗೆ ಸದರಿ ಕಾಯ್ದೆಯ ಕಲಂ 64ಎ ಅನ್ವಯ ಮೊಕದ್ದಮೆಯಿಂದ ವಿನಾಯಿತಿ ಇರುತ್ತದೆ. ಚಿಕಿತ್ಸೆಯನ್ನು ಪೂರ್ಣಗೊಳಿಸದಿದ್ದಲ್ಲಿ ಈ ವಿನಾಯಿತಿಯನ್ನು ಹಿಂಪಡೆಯಬಹುದಾಗಿದೆ.