‘ಡೆತ್ ಮ್ಯಾಗ್ನೆಟಿಕ್’: ಮೆಟಾಲಿಕಾ ಮರಳಿದ್ದು ಎಲ್ಲಿಗೆ?

2008ರ ಸೆಪ್ಟೆಂಬರ್ 12ರಂದು ಹೊರಬಂದ ‘ಡೆತ್ ಮ್ಯಾಗ್ನೆಟಿಕ್’ ಆಲ್ಬಮ್ಮನ್ನು ಮೆಟಾಲಿಕಾ ತಂಡ ತನ್ನ ಹಳೆಯ ಸದ್ದಿಗೆ ಮರಳಿದ ಗುರುತು ಎಂದು ವಿಮರ್ಶಕರೂ ಅಭಿಮಾನಿಗಳೂ ಒಟ್ಟಾಗಿ ಸ್ವಾಗತಿಸಿದರು. ಮೆಟಲ್ ಸಂಗೀತದ ಚರಿತ್ರೆಯಲ್ಲಿ ಇಂದಿಗೂ ಈ ಮಾತೇ ಚಾಲ್ತಿಯಲ್ಲಿದೆ. ಆಲ್ಬಮ್ಮನ್ನು 1980ರ ದಶಕದ ಧ್ವನಿಮುದ್ರಣಗಳ ಪಕ್ಕದಲ್ಲಿಟ್ಟು ಕೇಳಿದರೆ ಅದು ಅರ್ಧ ಮಾತ್ರ ನಿಜ ಎನಿಸುತ್ತದೆ. ಮರಳಿ ಬಂದದ್ದು ಹಾಡು ಕಟ್ಟುವ ಕ್ರಮ. ಸದ್ದು ಬರಲಿಲ್ಲ.

ತಂಡ ಬಿಟ್ಟುಬಂದದ್ದೇನು ಎಂಬುದನ್ನು ಮೊದಲು ನೋಡಬೇಕು. 1991ರಿಂದ ನಿರ್ಮಾಪಕ ಬಾಬ್ ರಾಕ್ ಜೊತೆ ಹಾಡುಗಳು ಚಿಕ್ಕವಾದವು, ನಡೆ ನಿಧಾನವಾಯಿತು. ‘ಲೋಡ್’ (1996), ‘ರೀಲೋಡ್’ (1997) ಬ್ಲೂಸ್ ಕಡೆಗೆ ವಾಲಿದವು. 2003ರ ‘ಸೇಂಟ್ ಆಂಗರ್’ ತಲುಪುವ ಹೊತ್ತಿಗೆ ಗಿಟಾರಿನ ಶ್ರುತಿ ಕೆಳಗಿಳಿದಿತ್ತು. ಗಿಟಾರ್ ವಾದಕ ಕರ್ಕ್ ಹ್ಯಾಮೆಟ್ ಅವರ ಒಂದೇ ಒಂದು ಸೋಲೋ ಇರಲಿಲ್ಲ. ಲಾರ್ಸ್ ಉಲ್ರಿಕ್ ಸ್ನೇರ್ ಡ್ರಮ್ಮಿನ ತಂತಿಗಳನ್ನು ಸಡಿಲಿಸಿ ಬಾರಿಸಿದ್ದರಿಂದ ಪ್ರತಿ ಪೆಟ್ಟೂ ಖಾಲಿ ಡಬ್ಬದಂತೆ ಮೊಳಗುತ್ತಿತ್ತು.

ಮುಂದಿನ ಆಲ್ಬಮ್ಮಾದ ‘ಡೆತ್ ಮ್ಯಾಗ್ನೆಟಿಕ್’ಗೆ ನಿರ್ಮಾಪಕರಾಗಿ ಬಂದ ರಿಕ್ ರೂಬಿನ್, 1986ರ ‘ಮಾಸ್ಟರ್ ಆಫ್ ಪಪೆಟ್ಸ್’ ಕಾಲದ ಮನಸ್ಥಿತಿಯಲ್ಲಿ ಯೋಚಿಸಿ ಎಂದು ತಂಡಕ್ಕೆ ಹೇಳಿದರು. ಹಾಡುಗಳನ್ನು ಪೂರ್ತಿ ಕಟ್ಟಿ, ಅಭ್ಯಾಸ ಮಾಡಿ, ಆಮೇಲೆ ಸ್ಟುಡಿಯೋಗೆ ಬನ್ನಿ ಎಂಬುದು ಅವರ ಒತ್ತಾಯವಾಗಿತ್ತು. ಹಿಂದಿನ ಆಲ್ಬಮ್ ಸ್ಟುಡಿಯೋದಲ್ಲೇ ಹುಟ್ಟಿದ್ದರಿಂದ ಇದು ದೊಡ್ಡ ಬದಲಾವಣೆಯೇ. ಬಹುಪಾಲು ಹಾಡುಗಳಲ್ಲಿ ಶ್ರುತಿ ಮತ್ತೆ ಇ ಸ್ವರಕ್ಕೆ ಬಂತು, ಸೋಲೋಗಳು ಬಂದವು. 1988ರ ನಂತರ ತಂಡದ ಸ್ವಂತ ಆಲ್ಬಮ್ಮಿನಲ್ಲಿ ಕಾಣದಿದ್ದ ವಾದ್ಯಕೃತಿಯೂ ಸುಮಾರು ಹತ್ತು ನಿಮಿಷದ ‘ಸೂಸೈಡ್ ಅಂಡ್ ರಿಡೆಂಪ್ಷನ್’ ರೂಪದಲ್ಲಿ ಬಂತು.

ಅತ್ಯಂತ ಬಲವಾದ ಸಾಕ್ಷ್ಯ ಆಲ್ಬಮ್ಮಿನ ನಾಲ್ಕನೆಯ ಹಾಡು. 1984ರ ‘ರೈಡ್ ದ ಲೈಟ್ನಿಂಗ್’ನಲ್ಲಿ ನಾಲ್ಕನೆಯದು ‘ಫೇಡ್ ಟು ಬ್ಲ್ಯಾಕ್’. ‘ಮಾಸ್ಟರ್ ಆಫ್ ಪಪೆಟ್ಸ್’ನಲ್ಲಿ ‘ವೆಲ್ಕಮ್ ಹೋಮ್’. 1988ರ ‘ಅಂಡ್ ಜಸ್ಟಿಸ್ ಫಾರ್ ಆಲ್’ನಲ್ಲಿ ‘ಒನ್’. ಮೂರೂ ಮೆಲುವಾದ ಗಿಟಾರಿನಿಂದ ಶುರುವಾಗಿ, ಸಾಲುಸಾಲಿಗೆ ಭಾರವೇರಿಸಿಕೊಂಡು, ಕೊನೆಗೆ ವೇಗದ ವಾದ್ಯಭಾಗದಲ್ಲಿ ಮುಗಿಯುತ್ತವೆ. 2008ರಲ್ಲಿ ಆ ಜಾಗಕ್ಕೆ ಬಂದ ‘ದ ಡೇ ದಟ್ ನೆವರ್ ಕಮ್ಸ್’ ಅದೇ ಹಾದಿಯಲ್ಲಿ ಸುಮಾರು ಎಂಟು ನಿಮಿಷ ನಡೆಯುತ್ತದೆ. ಇದು ಆಕಸ್ಮಿಕವೆಂದು ನಾನು ಒಪ್ಪಲಾರೆ. ತಂಡ ತನ್ನದೇ ಪರಂಪರೆಯನ್ನು ಓದಿಕೊಂಡು ಬರೆದ ಹಾಡಿದು.

ಆದರೆ ಈ ರಚನೆಯ ಜೀವ ಇರುವುದು ಮೆಲುದನಿಗೂ ಅಬ್ಬರಕ್ಕೂ ನಡುವಿನ ಅಂತರದಲ್ಲಿ. ಸಿ.ಡಿ.ಯಲ್ಲಿ ಆ ಅಂತರವನ್ನೇ ಕಂಪ್ರೆಷನ್, ಅಂದರೆ ಸದ್ದಿನ ಏರಿಳಿತವನ್ನು ಕುಗ್ಗಿಸುವ ತಂತ್ರ, ನುಂಗಿಹಾಕಿತು. ಎಲ್ಲವನ್ನೂ ಗರಿಷ್ಠ ಮಟ್ಟಕ್ಕೆ ಏರಿಸಿದ್ದರಿಂದ ಡ್ರಮ್ಮಿನ ಪೆಟ್ಟುಗಳು ಒಡೆದು ಕರಕರ ಎನ್ನುತ್ತವೆ. ಮಾಸ್ಟರಿಂಗ್ ಮಾಡಿದ ಟೆಡ್ ಜೆನ್ಸನ್, ತಮ್ಮ ಕೈಸೇರುವ ಮೊದಲೇ ಧ್ವನಿ ಹೀಗಾಗಿತ್ತು ಎಂದು ತಿಳಿಸಿದ್ದರು. ‘ಗಿಟಾರ್ ಹೀರೋ’ ಎಂಬ ವಿಡಿಯೋ ಆಟಕ್ಕೆ ಕೊಟ್ಟ ಅದೇ ಹಾಡುಗಳಲ್ಲಿ ಈ ಕೆಡುಕಿಲ್ಲ ಎಂಬುದು ಕೇಳುಗರ ಗಮನಕ್ಕೆ ಬಂತು. ಹೊಸದಾಗಿ ಮಿಕ್ಸ್ ಮಾಡಿಕೊಡಿ ಎಂದು ಸಾವಿರಾರು ಮಂದಿ ಮನವಿಗೆ ಸಹಿ ಹಾಕಿದರು. ಹಣ ಕೊಟ್ಟು ಕೊಂಡವರ ಈ ಸಿಟ್ಟು ನ್ಯಾಯವಾದದ್ದೇ.

ಹಾಗೆ ನೋಡಿದರೆ, ಮರಳಲು ಒಂದೇ ‘ಹಳೆಯ ಸದ್ದು’ ಇರಲೂ ಇಲ್ಲ. ‘ಮಾಸ್ಟರ್ ಆಫ್ ಪಪೆಟ್ಸ್’ನಲ್ಲಿ ಕ್ಲಿಫ್ ಬರ್ಟನ್ ಅವರ ಬೇಸ್ ಗಿಟಾರ್ ಸ್ಪಷ್ಟವಾಗಿದೆ. ಅದೇ 1986ರ ಸೆಪ್ಟೆಂಬರಿನಲ್ಲಿ ಸ್ವೀಡನ್ನಿನ ಬಸ್ ಅಪಘಾತದಲ್ಲಿ ಅವರು ತೀರಿಕೊಂಡರು. ಮುಂದಿನ ಆಲ್ಬಮ್ಮಾದ ‘ಅಂಡ್ ಜಸ್ಟಿಸ್ ಫಾರ್ ಆಲ್’ನಲ್ಲಿ ಅವರ ಜಾಗಕ್ಕೆ ಬಂದ ಜೇಸನ್ ನ್ಯೂಸ್ಟೆಡ್ ಅವರ ಬೇಸ್ ಕೇಳಿಸುವುದೇ ಇಲ್ಲವೆನ್ನಬೇಕು. ಎರಡನ್ನೂ ಧ್ವನಿಮುದ್ರಿಸಿದವರು ಡೆನ್ಮಾರ್ಕಿನ ಫ್ಲೆಮಿಂಗ್ ರಾಸ್ಮುಸೆನ್ ಅವರೇ.

ಆದ್ದರಿಂದ ‘ಡೆತ್ ಮ್ಯಾಗ್ನೆಟಿಕ್’ ಅನ್ನು ರಚನೆಯ ಮಟ್ಟದಲ್ಲಿ ಗೆದ್ದು ಧ್ವನಿಮುದ್ರಣದಲ್ಲಿ ಸೋತ ಕೃತಿಯೆಂದು ದಾಖಲಿಸಬೇಕು. ಅನುಮಾನವಿದ್ದವರು ಆ ನಾಲ್ಕು ಹಾಡುಗಳನ್ನು ಕಾಲಕ್ರಮದಲ್ಲಿ, ಒಂದೇ ಬೈಠಕ್‌ನಲ್ಲಿ ಕೇಳಿ ನೋಡಬೇಕು.