ಲಕೋಟೆಯಿಲ್ಲದ ಮಿಂಚಂಚೆ

ಊರು ಬಿಟ್ಟು ಬಂದ ನಮಗೆ ಪತ್ರ ಬರೆಯುವ ಒಂದು ವಿವೇಕ ರೂಢಿಯಿಂದಲೇ ಬಂದಿತ್ತು. ಕ್ಷೇಮಸಮಾಚಾರಕ್ಕೆ ಕಾರ್ಡು; ಸಾಲ, ಸಂಬಂಧ, ಮನಸ್ತಾಪಗಳ ಮಾತಿಗೆ ಇನ್‌ಲ್ಯಾಂಡ್ ಪತ್ರ. 1879ರಲ್ಲಿ ಭಾರತಕ್ಕೆ ಬಂದ ಅಂಚೆ ಕಾರ್ಡನ್ನು ದಾರಿಯಲ್ಲಿ ಯಾರು ಬೇಕಾದರೂ ಓದಬಹುದೆಂಬುದು ಬರೆಯುವವರಿಗೆ ತಿಳಿದೇ ಇತ್ತು. ಮಿಂಚಂಚೆ ಬಂದಾಗ ನಾವು ಆ ವಿವೇಕವನ್ನು ಮರೆತೆವು. ಪರದೆಯ ಮೇಲಿನ ಲಕೋಟೆಯ ಚಿತ್ರವನ್ನು ನಂಬಿದೆವು. ಆದರೆ ಮಿಂಚಂಚೆ ಹುಟ್ಟಿನಿಂದ ಕಾರ್ಡಿನ ವಂಶದ್ದು.

1982ರ ಆಗಸ್ಟಿನಲ್ಲಿ ಜೊನಾಥನ್ ಪೋಸ್ಟೆಲ್ ಪ್ರಕಟಿಸಿದ ಎಸ್‌ಎಂಟಿಪಿ ನಿಯಮಾವಳಿಯಲ್ಲಿ ಗೂಢಲಿಪಿಯ ಏರ್ಪಾಡು ಇರಲಿಲ್ಲ. ಅಂದಿನ ಜಾಲದಲ್ಲಿದ್ದವರು ಬಹುಮಟ್ಟಿಗೆ ಸಂಶೋಧಕರು. ಪರಸ್ಪರ ನಂಬಿಕೆಯೇ ಅಲ್ಲಿನ ಬೀಗ. ಪೆಟ್ಟಿಗೆಯಿಂದ ಪತ್ರ ತರುವ 'ಪಾಪ್' ಪದ್ಧತಿಯಲ್ಲಂತೂ ಬಳಕೆದಾರನ ಹೆಸರೂ ಪಾಸ್‌ವರ್ಡೂ ಸಾಮಾನ್ಯವಾಗಿ ಇದ್ದ ಹಾಗೆಯೇ ತಂತಿಯ ಮೇಲೆ ಹರಿಯುತ್ತಿದ್ದವು. ತಂತ್ರಾಂಶವು ಹೊಸ ಪತ್ರಕ್ಕಾಗಿ ಹಲವು ನಿಮಿಷಗಳಿಗೊಮ್ಮೆ ಇಣುಕುವಾಗಲೆಲ್ಲ ಅದೇ ಪಾಸ್‌ವರ್ಡು ಮತ್ತೆ ಬಯಲಿಗೆ. ನಡುವೆ ಕಿವಿಗೊಟ್ಟವನಿಗೆ ಒಂದು ಪತ್ರವಲ್ಲ, ಪೆಟ್ಟಿಗೆಯ ಬೀಗದ ಕೈಯೇ ಸಿಗುತ್ತಿತ್ತು.

ಲಕೋಟೆ ತಾನಾಗಿ ಬರಲಿಲ್ಲ. 1991ರಲ್ಲಿ ಫಿಲ್ ಜಿಮ್ಮರ್‌ಮನ್ ಸಾಮಾನ್ಯರ ಕೈಗೆ 'ಪಿಜಿಪಿ' ಎಂಬ ಗೂಢಲಿಪಿ ತಂತ್ರಾಂಶವನ್ನು ಕೊಟ್ಟರು. ಅಂಥ ತಂತ್ರಾಂಶವನ್ನು ಶಸ್ತ್ರಾಸ್ತ್ರಗಳ ಸಾಲಿಗೆ ಸೇರಿಸಿದ್ದ ಅಮೆರಿಕ ಸರಕಾರ ಅವರ ಮೇಲೆ ತನಿಖೆ ನಡೆಸಿ, 1996ರಲ್ಲಿ ಕೈಬಿಟ್ಟಿತು. 1999ರಲ್ಲಿ 'ಸ್ಟಾರ್ಟ್‌ಟಿಎಲ್‌ಎಸ್' ಬಂದಿತು: ಮಾತು ತೆರೆದೇ ಶುರುವಾಗಿ, ಎರಡೂ ಕಡೆ ಒಪ್ಪಿದರೆ ಮುಚ್ಚಿಕೊಳ್ಳುವ ಏರ್ಪಾಡು. ಆದರೆ ನಡುವೆ ನಿಂತವನು ಆ ಆಹ್ವಾನವನ್ನೇ ಅಳಿಸಿಬಿಟ್ಟರೆ, ಕೆಲವು ತಂತ್ರಾಂಶಗಳು ನಮಗೆ ಸುಳಿವೂ ಕೊಡದೆ ಹಳೆಯ ಬಯಲುದಾರಿಯನ್ನೇ ಹಿಡಿಯುತ್ತಿದ್ದವು. ಪೆಟ್ಟಿಗೆಗೂ ತಂತ್ರಾಂಶಕ್ಕೂ ನಡುವಣ ಬಯಲು ಸಂಚಾರವನ್ನು ನಿಲ್ಲಿಸಬೇಕೆಂದು, ಮೊದಲ ಮಾತಿನಿಂದಲೇ ಮುಚ್ಚಿದ ಸಂಪರ್ಕವಿರಬೇಕೆಂದು ಅಂತರಜಾಲದ ನಿಯಮಕಾರರು ಸಾರಿದ್ದು 2018ರ ಜನವರಿಯಲ್ಲಿ. ಪೋಸ್ಟೆಲ್‌ರ ನಿಯಮಾವಳಿಯಾದ ಮೂವತ್ತೈದು ವರ್ಷಗಳ ಮೇಲೆ.

ಅದಕ್ಕೆ ಕೆಲವೇ ತಿಂಗಳ ಮೊದಲು, 2017ರ ಆಗಸ್ಟ್ 24ರಂದು, ನಮ್ಮ ಸರ್ವೋಚ್ಚ ನ್ಯಾಯಾಲಯದ 9 ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪಿತ್ತರು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದು ಕನ್ನಡಿಗರಾದ ನಮಗೆ ನೆನಪಿರಬೇಕು.

ಹಕ್ಕು ಹೊತ್ತಗೆಯಲ್ಲಿದ್ದರೆ ಸಾಲದು, ತಂತ್ರಾಂಶದ ಸೆಟ್ಟಿಂಗಿನಲ್ಲೂ ಇರಬೇಕು. ಹಳೆಯ ಗಣಕದಲ್ಲಿ 'ಎಸ್‌ಎಸ್‌ಎಲ್/ಟಿಎಲ್‌ಎಸ್' ಎಂಬಲ್ಲಿ 'ಬೇಡ' ಎಂದು ಉಳಿದಿದ್ದರೆ ಇಂದೇ ತಿದ್ದಿಕೊಳ್ಳೋಣ. ಈ ಬೀಗ ಕಾಯುವುದು ದಾರಿಯನ್ನು ಮಾತ್ರ. ದಾರಿಯುದ್ದಕ್ಕೂ ಇರುವ ಅಂಚೆಕಚೇರಿಗಳೊಳಗೆ ಪತ್ರ ತೆರೆದೇ ಇರುತ್ತದೆ. ಆದ್ದರಿಂದ ಯಾವ ಮಾತಿಗೆ ಕಾರ್ಡು, ಯಾವುದಕ್ಕೆ ಲಕೋಟೆ ಎಂಬ ಹಿರಿಯರ ವಿವೇಕ ನಮಗೆ ಇನ್ನೂ ಬೇಕಾಗಿದೆ.