ಹೇರು ಮತ್ತು ಘಟ್ಟ

ಮಲೆನಾಡಿನ ಚರಿತ್ರೆಯೆಂದೊಡನೆ ಕೆಳದಿಯ ಅರಸರು, ಇಕ್ಕೇರಿಯ ದೇವಾಲಯ, ಬಿದನೂರಿನ ಕೋಟೆ ಕಣ್ಣಮುಂದೆ ನಿಲ್ಲುತ್ತವೆ. ಆ ಅರಸೊತ್ತಿಗೆಯನ್ನು ಸಾಕಿದ ಹೇರಿನ ನೆನಪು ಅಷ್ಟು ಬೇಗ ಬರುವುದಿಲ್ಲ. ಹೇರು ಎಂಬುದು ನಮ್ಮ ಭಾಷೆಯ ಹಳೆಯ ಮಾತು. ನಾಮಪದವೂ ಹೌದು, ಕ್ರಿಯಾಪದವೂ ಹೌದು. ಎತ್ತಿನ ಬೆನ್ನಿಗೆ ಹೇರಿದ ಮೂಟೆ ಹೇರಾದರೆ, ಬೇಸಗೆಯ ರಜೆಯಲ್ಲಿ ಒಂದು ಸಂಸಾರ ತನ್ನ ಕಾರಿನ ಡಿಕ್ಕಿಯೊಳಗೂ ನೆತ್ತಿಯ ಮೇಲೂ ತುಂಬಿಕೊಳ್ಳುವ ಗಂಟುಮೂಟೆಯೂ ಹೇರೇ. ಎತ್ತು ಹೋಗಿ ಕಾರು ಬಂದಿದೆ. ಘಟ್ಟ ಮಾತ್ರ ಅಲ್ಲಿಯೇ ನಿಂತಿದೆ, ಮೇಲೇರುವವರ ಹೇರನ್ನು ಇಂದಿಗೂ ತೂಗಿ ನೋಡುತ್ತಿದೆ.

ಸಾಗರದಿಂದ ಕಡಲ ತಡಿಗೆ ಇಳಿಯುವವರಿಗೆ ಗೇರುಸೊಪ್ಪೆಯ ಘಟ್ಟ, ಹೊಸನಗರದವರಿಗೆ ಕೊಲ್ಲೂರಿನ ಘಟ್ಟ ಮತ್ತು ಹುಲಿಕಲ್ಲಿನ ಬಾಳೆಬರೆ ಘಟ್ಟ, ತೀರ್ಥಹಳ್ಳಿಯವರಿಗೆ ಆಗುಂಬೆ. ಈ ಬಾಗಿಲುಗಳಿಂದ ಅಡಕೆ, ಮೆಣಸು, ಏಲಕ್ಕಿ, ಅಕ್ಕಿ ಕೆಳಗಿಳಿಯುತ್ತಿದ್ದವು. ಉಪ್ಪು, ತೆಂಗಿನಕಾಯಿ, ಒಣಮೀನು ಮೇಲೇರುತ್ತಿದ್ದವು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಲ್ಲೆ ಪೋರ್ಚುಗೀಸರ ರಾಯಭಾರಿಯೊಡನೆ ಹೊನ್ನಾವರದಿಂದ ಗೇರುಸೊಪ್ಪೆಯವರೆಗೆ ದೋಣಿಯಲ್ಲಿ ಬಂದು, ಅಲ್ಲಿಂದ ಘಟ್ಟವನ್ನೇರಿ ವೆಂಕಟಪ್ಪ ನಾಯಕನ ಇಕ್ಕೇರಿಯನ್ನು ಸೇರಿದ. ಶರಾವತಿ ಎಷ್ಟು ಹೇರನ್ನಾದರೂ ಘಟ್ಟದ ಬುಡದವರೆಗೆ ತಂದು ಮುಟ್ಟಿಸುತ್ತಿದ್ದಳು. ಬುಡದಿಂದಾಚೆಗೆ ಒಂದೊಂದು ಗಂಟೂ ಒಂದೊಂದು ಬೆನ್ನನ್ನು ಬೇಡುತ್ತಿತ್ತು. ರಾಯಭಾರಿಗಾದರೂ ಅಷ್ಟೆ, ಉಪ್ಪಿನ ವ್ಯಾಪಾರಿಗಾದರೂ ಅಷ್ಟೆ.

ಹೇರೆತ್ತಿನವರಿಗೆ ತಮ್ಮದೇ ಆದ ಶಾಸ್ತ್ರವಿತ್ತು. ಎರಡು ಪಕ್ಕದ ಗೋಣಿಯ ತೂಕ ಸಮನಾಗಿರಬೇಕು; ದಣಿಯುವ ಮುನ್ನವೇ ನಿಲ್ಲಬೇಕು; ನಿಂತಲ್ಲಿ ನೀರು ಕುಡಿಸಬೇಕು; ಇಳಿಜಾರಿನಲ್ಲಿ ಆತುರ ಕೂಡದು. ಹತ್ತೊಂಬತ್ತನೆಯ ಶತಮಾನದಲ್ಲಿ ಗಾಡಿರಸ್ತೆಗಳು ಬಂದಾಗ ಈ ಶಾಸ್ತ್ರವೇ ನೆಲದ ಮೇಲೆ ಮೂಡಿತು. ಹೇರಿದ ಗಾಡಿಯನ್ನು ಎತ್ತುಗಳು ಎಳೆಯಬಲ್ಲಷ್ಟು ಮಾತ್ರ ಏರಿರಬೇಕೆಂದರೆ ದಾರಿಯನ್ನು ಉದ್ದ ಮಾಡಬೇಕು; ಕಡಿದಾದ ಬೆಟ್ಟದಲ್ಲಿ ಉದ್ದ ಮಾಡಬೇಕೆಂದರೆ ಮಡಚಬೇಕು. ಘಟ್ಟದ ರಸ್ತೆಯ ಸುತ್ತುಗಳಿಗೆಲ್ಲ ಮೂಲ ಈ ಲೆಕ್ಕವೇ. ಆಗುಂಬೆಯ ಹದಿನಾಲ್ಕು ತಿರುವುಗಳು ನೋಟಕರ ಕಣ್ಣಿಗೆ ಚೆಲುವಾಗಿ ಕಂಡರೂ ಅವುಗಳ ಒಳಗಿನ ಅರ್ಥ ಭಾರವೇ ಆಗಿದೆ.

ಘಟ್ಟದ ರಸ್ತೆ ಕಿರಿದಾದಲ್ಲಿ ಇಳಿಯುವ ವಾಹನ ಏರುವ ವಾಹನಕ್ಕೆ ದಾರಿ ಬಿಡಬೇಕೆಂಬುದು ನಮ್ಮ ಮೋಟಾರು ಕಾನೂನಿನ ನಿಯಮ. ಹೇರು ಹೊತ್ತು ಏರುವವನು ನಡುವೆ ನಿಂತರೆ ಮತ್ತೆ ಹೊರಡುವುದು ಕಷ್ಟ, ಹಿಂದಕ್ಕೆ ಜಾರುವ ಭಯ ಬೇರೆ. ಚಕ್ರದ ಹಿಂದೆ ಕಲ್ಲಿಟ್ಟು ಎತ್ತುಗಳಿಗೆ ಉಸಿರಾಡಲು ಬಿಡುತ್ತಿದ್ದ ಗಾಡಿಯವನ ಬವಣೆಯೇ ಇಲ್ಲಿ ಕಾನೂನಿನ ಭಾಷೆಯನ್ನು ತೊಟ್ಟಿದೆ ಎನ್ನಬಹುದು.

ಮುಂದೆ ಅಂಬಾಸಡರ್ ಕಾರಿನ ಕಾಲ ಬಂದಿತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ಹಿಂದುಸ್ತಾನ್ ಮೋಟಾರ್ಸ್ ತಯಾರಿಸಿದ ಈ ವಾಹನ 1950ರ ದಶಕದ ಕೊನೆಯಿಂದ 2014ರವರೆಗೆ ಹುಟ್ಟುತ್ತಲೇ ಇತ್ತು. ಖಾಲಿಯಿದ್ದಾಗಲೇ ಒಂದು ಟನ್ನಿಗೂ ಮಿಗಿಲಾದ ತೂಕ. ಹಳೆಯ ಪೆಟ್ರೋಲ್ ಎಂಜಿನ್ನಿನ ಬಲ ಸುಮಾರು 50 ಅಶ್ವಶಕ್ತಿ. ಉದ್ದನೆಯ ಸೀಟಿನಲ್ಲಿ ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಏಳೆಂಟು ಜನ. ಕ್ಯಾರಿಯರಿನ ಮೇಲೆ ಹಾಸಿಗೆಯ ಸುರುಳಿ, ಟ್ರಂಕು. ಡಿಕ್ಕಿಯಲ್ಲಿ ಅಕ್ಕಿ, ಪಾತ್ರೆ, ಹಪ್ಪಳದ ಡಬ್ಬ. ಮೊದಲನೆಯ ಗೇರಿನಲ್ಲಿ ಮೆಲ್ಲನೆ ಏರುವಾಗ ಎಂಜಿನ್ ದುಡಿಯುವುದು ಬಹಳ, ಅದಕ್ಕೆ ತಗಲುವ ಗಾಳಿ ಅಲ್ಪ. ರೇಡಿಯೇಟರ್ ಕುದಿಯುತ್ತಿತ್ತು. ಅದಕ್ಕಾಗಿ ಒಂದು ಡಬ್ಬ ನೀರು ಸದಾ ಜೊತೆಯಲ್ಲಿ ಇರುತ್ತಿತ್ತು. ಕಾರು ನಿಂತಾಗ ಹಿರಿಯರು ಎಲೆಯಡಕೆ ಹಾಕಿಕೊಳ್ಳುವರು, ಮಕ್ಕಳು ಝರಿಯ ನೀರಿಗೆ ಕೈಯೊಡ್ಡುವರು. ಎತ್ತಿಗೆ ನೀರು ಕುಡಿಸುತ್ತಿದ್ದ ಹಳೆಯ ಆಚಾರ ಹೀಗೆ ಹೊಸ ವೇಷದಲ್ಲಿ ಉಳಿದುಕೊಂಡಿತು.

ಇಂದಿನ ಕಾರುಗಳು ಬಲಶಾಲಿಗಳು. ಅವು ಕುದಿಯುವುದು ಅಪರೂಪ. ಆದ್ದರಿಂದಲೇ ಹೇರಿನ ಶಾಸ್ತ್ರ ಮರೆಯಾಗುತ್ತಿದೆ. ಅಪಾಯವಿರುವುದು ಏರುವುದರಲ್ಲಿ ಅಷ್ಟಲ್ಲ, ಇಳಿಯುವುದರಲ್ಲಿ. ಶ್ರೋತೃಗಳು ಒಂದು ಸಣ್ಣ ಲೆಕ್ಕವನ್ನು ಮನಸ್ಸಿಗೆ ತಂದುಕೊಳ್ಳಬೇಕು. ಜನ, ಸಾಮಾನು ಸೇರಿ ಒಂದೂವರೆ ಟನ್ ತೂಗುವ ಕಾರು 500 ಮೀಟರ್ ಎತ್ತರದಿಂದ ಕೆಳಗಿಳಿದರೆ, ಆ ಇಳಿತದಲ್ಲಿ ಬಿಡುಗಡೆಯಾಗುವ ಶಕ್ತಿಯಿಂದ 20 ಲೀಟರ್ ತಣ್ಣೀರನ್ನು ಕುದಿಸಬಹುದು. ಚಾಲಕ ಬ್ರೇಕನ್ನೇ ನಂಬಿ ಕುಳಿತರೆ ಈ ಕಾವೆಲ್ಲ ಬ್ರೇಕಿನ ಪಾಲಿಗೆ ಬರುತ್ತದೆ. ಸುಟ್ಟ ವಾಸನೆ ಬರುತ್ತದೆ. ಅನಂತರ ಬ್ರೇಕಿನ ಹಿಡಿತ ಸಡಿಲುತ್ತದೆ. ಏರಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು ಎಂದು ಹಳೆಯ ಚಾಲಕರು ಹೇಳುತ್ತಿದ್ದುದು ಈ ಕಾರಣಕ್ಕೆ. ಆಗ ಎಂಜಿನ್ನೇ ಕಾರನ್ನು ಹಿಂದಕ್ಕೆ ಹಿಡಿದಿರುತ್ತದೆ. ಪೆಟ್ರೋಲ್ ಉಳಿಸುವ ಆಸೆಯಿಂದ ಗೇರು ತಪ್ಪಿಸಿ ಉರುಳಲು ಬಿಡುವವನು ಮೂಗುದಾರ ಬಿಚ್ಚಿ ಎತ್ತನ್ನು ಇಳಿಜಾರಿಗೆ ಅಟ್ಟಿದವನಿಗೆ ಸಮಾನ. ನೆತ್ತಿಯ ಮೇಲಿನ ಭಾರ ತಿರುವಿನಲ್ಲಿ ಕಾರನ್ನು ವಾಲಿಸುತ್ತದೆ. ಆದುದರಿಂದ ತೂಕದ ವಸ್ತು ಕೆಳಗೆ, ಹಗುರವಾದದ್ದು ಮೇಲೆ. ತುಂಬಿದ ಕಾರಿನ ಟಯರಿಗೆ ಗಾಳಿ ಹೆಚ್ಚು ಬೇಕು; ಎಷ್ಟೆಂಬುದನ್ನು ತಯಾರಕರೇ ಕಾರಿನ ಬಾಗಿಲ ಬಳಿ ಬರೆದಿರುತ್ತಾರೆ.

ಇದುವರೆಗೆ ಹೇಳಿದ್ದು ಮನೆಗೆ ಮರಳುವ ಹೇರಿನ ಮಾತು. ಇದೇ ಗುಡ್ಡಗಳಲ್ಲಿ ಮರಳಿ ಬಾರದ ಹೇರೊಂದು ಹೊರಟಿದ್ದುಂಟು. ಸಾಗರ ತಾಲ್ಲೂಕಿನ ಹೊನ್ನೆಮರಡುವಿಗೆ ಇಂದು ಸಂಸಾರಗಳು ಕಾರು ತುಂಬಿಕೊಂಡು ವಿಹಾರಕ್ಕೆ ಬರುತ್ತವೆ. ಅವರೆದುರು ಹರಡಿರುವುದು 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು. ಅದರಡಿಯಲ್ಲಿ ಗದ್ದೆಗಳಿವೆ, ತೋಟಗಳಿವೆ, ಮನೆಯ ಅಡಿಪಾಯಗಳಿವೆ, ಗಾಡಿದಾರಿಗಳಿವೆ. ನಾಡಿಗೆ ಬೆಳಕು ಬರಲೆಂದು ಆ ಊರುಗಳ ಜನ ತಮ್ಮ ಬಾಳನ್ನೇ ಹೇರಿಕೊಂಡು ಹೊರಡಬೇಕಾಯಿತು. ಕದ, ಕಂಬ, ಕಣಜಗಳನ್ನು ಹೇರಬಹುದು. ಗದ್ದೆಯನ್ನು ಹೇರಲಾಗದು, ನೆರೆಹೊರೆಯನ್ನು ಹೇರಲಾಗದು. ಹೋದ ಕಡೆಯ ಭೂಮಿಯ ಹಕ್ಕಿಗಾಗಿ ಅನೇಕ ಸಂಸಾರಗಳು ಎರಡು ತಲೆಮಾರು ಕಾದಿವೆ. ನೀರಿನಾಚೆ ಉಳಿದ ತುಮರಿಯ ಕಡೆಯವರಿಗೆ ಸಾಗರ ತಲಪಲು ದಶಕಗಳ ಕಾಲ ಲಾಂಚೇ ಗತಿಯಾಗಿತ್ತು. ಅಂಬಾರಗೋಡ್ಲು–ಕಳಸವಳ್ಳಿಗಳ ನಡುವಿನ ಸೇತುವೆ ತೆರೆದದ್ದು 2025ರ ಜುಲೈ ತಿಂಗಳಲ್ಲಿ.

ಹೇರು ಎಂದರೆ ಬರಿಯ ತೂಕವಲ್ಲ. ಯಾವುದನ್ನು ಬಿಟ್ಟು ಬದುಕಲಾರೆವೋ ಅದನ್ನು ಮನುಷ್ಯ ಹೇರಿಕೊಳ್ಳುತ್ತಾನೆ. ತುಂಬಿದ ಕಾರಿನಲ್ಲಿ ನಿದ್ದೆಹೋದ ಮಗು, ಮಡಿಲಲ್ಲಿ ಹೂವಿನ ಪೊಟ್ಟಣ ಹಿಡಿದ ಅಜ್ಜಿ, ಇವರೇ ನಿಜವಾದ ಹೇರು. ಹೇರೆತ್ತಿನವನು ಘಟ್ಟದ ತಲೆಯಲ್ಲಿ ನಿಂತು ಗೋಣಿಯ ಕಟ್ಟನ್ನು ಇನ್ನೊಮ್ಮೆ ಬಿಗಿದು ನೋಡಿ, ಅನಂತರವೇ ಇಳಿಯುತ್ತಿದ್ದ. ಅಷ್ಟು ಹೊತ್ತು ನಿಲ್ಲುವ ವ್ಯವಧಾನ ಕಾರಿನವನಿಗೂ ಇದ್ದರೆ ಘಟ್ಟ ಅವನನ್ನೂ ಸುಖವಾಗಿ ಕೆಳಗಿಳಿಸೀತು.